ಮೂರು ಗಂಟಿನ ಕೇಬಲ್ಲು

"ಬುದ್ಧೀ, ತಪ್ಪಾಯ್ತು ಅಂತ ಮೂರು ಸಲ ಹೇಳಿ ಕಳಿಸಿದ್ದೀನಿ. ನನ್ನ ತಮ್ಮನಿಗೆ ಯಾಕೆ ಮುಟ್ಟಲ್ಲ?" ಎಂದು ಗುರುಮಲ್ಲಪ್ಪ ಕೇಳಿದ.

ಮಠದ ಸ್ವಾಮಿಗಳು ವಿಭೂತಿಯ ತಟ್ಟೆ ಒರೆಸುತ್ತಾ ಕೂತಿದ್ದರು. ಗುರುಮಲ್ಲಪ್ಪನಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷದ ಹಿಂದೆ ಅವನು ತಮ್ಮನಿಗೆ ಆಡಬಾರದ ಮಾತೊಂದನ್ನು ಆಡಿದ್ದ. ಬರುವ ಸೋಮವಾರ ಆ ತಮ್ಮನ ಮಗಳ ಮದುವೆ. ಹೆಗಲ ಮೇಲೆ ಹೊತ್ತು ತಿರುಗಿದ ಕೂಸು ಅದು. ಅವಳ ಧಾರೆಗೆ ತಾನಿಲ್ಲ ಎಂದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಬಿದ್ದರೆ ಈ ಕಡೆ ಕೆಮ್ಮು. ಆದರೆ ಹಿರಿಯನಾದವನು ತಾನಾಗಿ ಕಿರಿಯನ ಹೊಸ್ತಿಲು ತುಳಿಯುವುದುಂಟೇ? ಅದಕ್ಕೇ ಪಕ್ಕದೂರಿನ ಭಾವಮೈದುನನಿಗೆ ಹೇಳಿದ. ಭಾವಮೈದುನ ಹಾಲಿನ ಡೇರಿಯವನಿಗೆ ಹೇಳಿದ. ಡೇರಿಯವನು ತಮ್ಮನ ಹೆಂಡತಿಗೆ ಹೇಳಿದ. ತಪ್ಪಾಯ್ತು ಎಂದು ಹೊರಟ ಮಾತು, ಮದುವೆಗೆ ಕರೆಯದಿದ್ದರೆ ನೋಡಿಕೊಳ್ಳುತ್ತೇನೆ ಎಂಬಂತೆ ತಮ್ಮನ ಕಿವಿ ಸೇರಿತು.

"ಒಬ್ಬ ವ್ಯಾಪಾರಿ ಇದ್ದ," ಎಂದು ಸ್ವಾಮಿಗಳು ಕಡೆಗೆ ಬಾಯಿ ತೆರೆದರು. ಕೇಳಿದ್ದೊಂದು, ಹೇಳುತ್ತಿರುವುದೊಂದು ಎಂದು ಗುರುಮಲ್ಲಪ್ಪ ಮನಸ್ಸಿನಲ್ಲೇ ಗೊಣಗಿದ.

ವ್ಯಾಪಾರಿ ತಾಲ್ಲೂಕು ಕಚೇರಿಯ ಎದುರು ಕಂಪ್ಯೂಟರ್ ಅಂಗಡಿ ತೆರೆದ. ಅರ್ಜಿ, ಪಹಣಿ, ಪರೀಕ್ಷೆಯ ಹಾಲ್ ಟಿಕೆಟ್ ಪ್ರಿಂಟ್ ಹಾಕಿ ಕೊಡುವ ಅಂಗಡಿ. ವಾಸ್ತು ನೋಡುವವನು ಬಂದ. ಯಜಮಾನ ನೈಋತ್ಯದಲ್ಲೇ ಕೂರಬೇಕು, ಬಿಸಿಯಾಗುವ ಪ್ರಿಂಟರ್ ಅಗ್ನಿಮೂಲೆಯಲ್ಲೇ ಇರಬೇಕು ಎಂದ. ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದ. ಮೂಲೆಯಿಂದ ಮೂಲೆಗೆ ನಲವತ್ತು ಅಡಿ. ಪ್ರಿಂಟರಿನ ಜೊತೆ ಬಂದ ಕೇಬಲ್ಲು ಐದೇ ಅಡಿ. ವ್ಯಾಪಾರಿ ಅದಕ್ಕೆ ಒಂದರ ಹಿಂದೊಂದು ಇನ್ನೂ ಮೂರು ಉದ್ದನೆ ಕೇಬಲ್ಲು ಸಿಕ್ಕಿಸಿದ. ಮೂರು ಕಡೆ ಗಂಟಾಯಿತು.

ಒಮ್ಮೆ ಅರ್ಧ ಹಾಳೆ ಬಂತು. ಒಮ್ಮೆ ಅಕ್ಷರವಿರಬೇಕಾದ ಕಡೆ ಇರುವೆ ಸಾಲು ಬಂತು. ಆಮೇಲೆ ಪ್ರಿಂಟರೇ ಇಲ್ಲ ಎಂದು ಕಂಪ್ಯೂಟರ್ ಹಟ ಹಿಡಿಯಿತು. ವ್ಯಾಪಾರಿ ಪ್ರಿಂಟರ್ ಬದಲಿಸಿದ. ಕಂಪ್ಯೂಟರ್ ಬದಲಿಸಿದ. ನಿಂಬೆಹಣ್ಣು ಕಟ್ಟಿದ. ಪರೀಕ್ಷೆಯ ದಿನ ಹಾಲ್ ಟಿಕೆಟ್ಟಿಗೆ ಬಂದ ಮಕ್ಕಳು ಕಾದು ಕಾದು ಕಣ್ಣೊರೆಸಿಕೊಂಡು ಎದುರಂಗಡಿಗೆ ಓಡಿದರು.

ರಿಪೇರಿಯವನು ಬಂದು ನೋಡಿ ಹಣೆ ಚಚ್ಚಿಕೊಂಡ.

"ಯಜಮಾನ್ರೇ, ಈ ಕೇಬಲ್ಲು ಹದಿನೈದು ಅಡಿ ಮೇಲೆ ಎಳೆಯಲ್ಲ. ಗಂಟು ಗಂಟಿಗೂ ಒಂದಿಷ್ಟು ಸೋರಿ ಹೋಗುತ್ತೆ. ಪ್ರಿಂಟರ್ ಈ ಕಡೆ ತನ್ನಿ."

"ಅಗ್ನಿಮೂಲೆ ಬಿಟ್ಟು ತರೋದುಂಟೇನಯ್ಯ?"

"ಹಾಗಾದ್ರೆ ನೀವೇ ಆ ಕಡೆ ಹೋಗಿ ಕೂತ್ಕೊಳ್ಳಿ."

"ಯಜಮಾನ ಆದವನು ನೈಋತ್ಯ ಬಿಟ್ಟು ಏಳಬಾರದು. ಅದಿರಲಿ, ಇನ್ನೊಂದು ಒಳ್ಳೇ ಕೇಬಲ್ಲು ಇದ್ದರೆ ಕೊಡು."

ರಿಪೇರಿಯವನು ಚೀಲ ಎತ್ತಿಕೊಂಡು ಹೊರಟುಹೋದ.

ಗುರುಮಲ್ಲಪ್ಪನಿಗೆ ತಡೆಯಲಾಗಲಿಲ್ಲ. ತನ್ನ ಸಂಕಟವೇ ತನಗೆ ಹಾಸಿ ಹೊದೆಯುವಷ್ಟಿರುವಾಗ ಈ ಮೊಂಡನ ಕತೆ ಬೇರೆ.

"ಎಂಥ ಮುಠ್ಠಾಳ ಬುದ್ಧೀ ಅವನು! ಮಕ್ಕಳು ಅಳ್ತಾ ನಿಂತಿರುವಾಗ, ಕುರ್ಚಿ ಬಿಟ್ಟು ನಾಲ್ಕು ಹೆಜ್ಜೆ ಇಡೋಕೆ ಅವನಿಗೇನು ದಾಡಿ?"

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ನಿನ್ನೆ ಲಗ್ನಪತ್ರಿಕೆ ಹಿಡಿದು ಬಂದ ನಿನ್ನ ತಮ್ಮನ ಮಗಳೂ ದೊಡ್ಡಪ್ಪನ ಬಗ್ಗೆ ಇದೇ ಪ್ರಶ್ನೆ ಕೇಳಿ ಅತ್ತಳು, ಗುರುಮಲ್ಲಪ್ಪ."