ಫು ಅಕ್ಷರದ ಎರಡು ಕೈಗಳು

"ಗುರುಗಳೇ, 'ಫು' ಅಕ್ಷರದಲ್ಲಿ ಹಿಂದೆ ಎರಡು ಕೈಗಳಿದ್ದವು. ಅವು ಎಲ್ಲಿ ಹೋದವು?"

ಕೇಳಿದವನು ಲಿನ್ಶು, ಚೀನಾ ದೇಶದ ಒಂದು ಬೆಟ್ಟದ ಮಠದ ಶಿಷ್ಯ. ಮರುದಿನ ಹೊಸ ವರ್ಷ. ಊರವರು ಬಾಗಿಲಿಗೆ ಅಂಟಿಸಿಕೊಳ್ಳಲೆಂದು ಕೆಂಪು ಕಾಗದದ ಮೇಲೆ 'ಫು', ಅಂದರೆ ಭಾಗ್ಯ, ಎಂದು ಬರೆದುಕೊಡುವ ಕೆಲಸ ಅವನದು. ಬೆಳಗಿನಿಂದ ಬರೆದಿದ್ದ. ಓದಿದ್ದನ್ನು ಗುರುಗಳ ಮುಂದೆ ತೋರಿಸಿಕೊಳ್ಳುವ ಆಸೆಯೂ ಇತ್ತು. ಉತ್ತರಕ್ಕೆ ಕಾಯದೆ ತಾನೇ ಮುಂದುವರಿಸಿದ.

"ಅಕ್ಷರಗಳನ್ನು ಎಲುಬಿನ ಮೇಲೆ ಕೊರೆಯುತ್ತಿದ್ದ ಕಾಲದಲ್ಲಿ ಅದು ಚಿತ್ರವಾಗಿತ್ತು. ಒಂದು ಕಡೆ ದೇವರ ಪೀಠ, ಇನ್ನೊಂದು ಕಡೆ ಮದ್ಯದ ಗಡಿಗೆ, ಗಡಿಗೆಯನ್ನು ಎತ್ತಿ ಹಿಡಿದ ಎರಡು ಕೈ. ಬರಬರುತ್ತಾ ಕೈಗಳು ಬಿಟ್ಟುಹೋದವು. ಗಡಿಗೆಯನ್ನೂ ಜನ ಮರೆತರು. ಈಗ ಅದನ್ನು ಒಂದು ಬಾಯಿ, ಒಂದು ಹೊಲ ಎಂದು ಓದಿ, ಹೊಟ್ಟೆ ತುಂಬಿದರೆ ಅದೇ ಭಾಗ್ಯ ಅನ್ನುತ್ತಾರೆ."

"ಚೆನ್ನಾಗಿಯೇ ಓದಿದ್ದೀಯಪ್ಪ" ಎಂದು ಗುರುಗಳು ನಕ್ಕರು. "ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿ ಇದ್ದ. ತಂದೆತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಅವನ ಅಣ್ಣ, ಒಬ್ಬ ರೈತ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ತಮ್ಮನಿಗೆ ಅಣ್ಣನ ಮಣ್ಣಿನ ಕಾಲು ಕಂಡರೆ ಮುಜುಗರ. ಒಂದು ದಿನ ನೆಂಟರ ಎದುರಿಗೇ, "ಇನ್ನು ಮೇಲೆ ಹಿತ್ತಲ ಬಾಗಿಲಿಂದ ಬಾ" ಅಂದುಬಿಟ್ಟ. ಅಣ್ಣ ಮೂರು ವರ್ಷ ಆ ಕಡೆ ತಲೆ ಹಾಕಲಿಲ್ಲ. ತಂದೆತಾಯಿಗೆ ಎಡೆ ಇಡುವ ಪೀಠವಿದ್ದದ್ದು ತಮ್ಮನ ಮನೆಯಲ್ಲಿ, ಆದರೂ ಬರಲಿಲ್ಲ.

ತಪ್ಪು ತನ್ನದೆಂದು ವ್ಯಾಪಾರಿಗೆ ಗೊತ್ತಿತ್ತು. ಹೋಗಿ ಕರೆಯಲು ಮನಸ್ಸು ಬಗ್ಗಲಿಲ್ಲ. ಅಣ್ಣ ತಾನಾಗಿಯೇ ಬಂದರೆ ಸಾಕು ಎಂದು ಒಳಗೊಳಗೇ ಹಂಬಲಿಸುತ್ತಿದ್ದ. ಆ ವರ್ಷ ಹೆಸರಾಂತ ಲಿಪಿಕಾರನಿಂದ ಆಳುದ್ದದ ಫು ಬರೆಸಿದ. ಆ ಊರಿನ ಪದ್ಧತಿಯಂತೆ ಅದನ್ನು ಮುಂಬಾಗಿಲ ಎರಡೂ ಕದಗಳಿಗೆ ಸೇರಿಸಿ ಅಂಟಿಸಿದ. ಹದಿನೈದು ದಿನದೊಳಗೆ ಅದು ಹರಿದರೆ ವರ್ಷದ ಭಾಗ್ಯವೇ ಹರಿಯಿತು ಎಂದು ಅಲ್ಲಿಯ ನಂಬಿಕೆ.

ಹಬ್ಬದ ಬೆಳಗ್ಗೆ ಹೊರಗಿನಿಂದ ದನಿ ಬಂತು. "ತಮ್ಮಾ, ಬಾಗಿಲು ತೆಗೆಯೋ. ಅಪ್ಪ ಅಮ್ಮನಿಗೆ ಹೊಸ ಮದ್ಯ ತಂದಿದ್ದೇನೆ. ಎರಡು ಕೈಯೂ ತುಂಬಿವೆ."

ವ್ಯಾಪಾರಿ ಓಡಿ ಬಂದು ಅಗುಳಿಗೆ ಕೈ ಹಾಕಿದ. ಆಗ ಫು ನೆನಪಾಯಿತು.

"ಅಣ್ಣಾ, ತೆಗೆದರೆ ಫು ಹರಿದುಹೋಗುತ್ತದೆ. ಹಿತ್ತಲ ಬಾಗಿಲಿಂದ ಬಾ."

ಮಾತು ಬಾಯಿಂದ ಹೊರಬಿದ್ದ ಮೇಲೆ ತಾನು ಏನು ಆಡಿದೆ ಎಂದು ಅವನಿಗೆ ತಿಳಿಯಿತು.

ಇಷ್ಟು ಕೇಳುವಷ್ಟರಲ್ಲಿ ಲಿನ್ಶುವಿನ ಕಿವಿ ಬಿಸಿಯಾಗಿತ್ತು. ಅಂದು ಮಧ್ಯಾಹ್ನ ಒಬ್ಬ ಮುದುಕಿ ಮಠದ ದೀಪಕ್ಕೆಂದು ಎಳ್ಳೆಣ್ಣೆಯ ಗಡಿಗೆ ಹಿಡಿದು ಬೆಟ್ಟ ಹತ್ತಿ ಬಂದಿದ್ದಳು. ಅವನು ಮಸಿ ಆರದ ಕಾಗದಗಳನ್ನು ಬಾಗಿಲ ತುಂಬ ಹರಡಿಕೊಂಡಿದ್ದ. "ತುಳಿದೀಯ ಅಜ್ಜಿ, ಒಣಗುವ ತನಕ ಅಲ್ಲೇ ನಿಲ್ಲು" ಅಂದ. ಆಮೇಲೆ ಮರೆತ. ತಲೆ ಎತ್ತಿ ನೋಡಿದಾಗ ಅವಳಿರಲಿಲ್ಲ. ಯಾರೂ ನೋಡಲಿಲ್ಲವಲ್ಲ ಎಂದು ಆಗ ಸಮಾಧಾನವಾಗಿತ್ತು. ಈಗ ನಾಚಿಕೆಯಿಂದ ಕೂತಲ್ಲೇ ಕುಗ್ಗಿದ.

ಗುರುಗಳು ಕತೆ ಮುಂದುವರಿಸಿದರು.

ವ್ಯಾಪಾರಿ ಹಿತ್ತಲಿಗೆ ಓಡಿ ಬಾಗಿಲು ತೆರೆದು ಕಾದ. ಯಾರೂ ಬರಲಿಲ್ಲ. ಓಣಿ ಸುತ್ತಿ ಮುಂಬಾಗಿಲಿಗೆ ಬಂದು ನೋಡಿದ. ಹೊಸ್ತಿಲ ಹೊರಗೆ ಗಡಿಗೆ ಇತ್ತು, ಅಣ್ಣ ಹೊರಟುಹೋಗಿದ್ದ. ಫು ಒಂದು ಚೂರೂ ಹರಿದಿರಲಿಲ್ಲ.

ಅವನು ಗಡಿಗೆ ಎತ್ತಿಕೊಂಡು ಅಣ್ಣನ ಹಳ್ಳಿಗೆ ನಡೆದ. ಒಂದು ಹರಿದಾರಿ ದಾರಿ. ರಟ್ಟೆ ಸೋತುಹೋದವು. ಅಣ್ಣನ ಬಾಗಿಲ ಮೇಲೂ ಎರಡು ಕದಗಳಿಗೆ ಸೇರಿಸಿ ಒಂದು ಫು ಅಂಟಿಸಿತ್ತು, ಅಗ್ಗದ ಕಾಗದದ್ದು. ಬಾಗಿಲು ತಟ್ಟಲು ಇವನಿಗೆ ಕೈ ಬಿಡುವಿರಲಿಲ್ಲ. ನಿಂತು, "ಅಣ್ಣಾ" ಎಂದು ಒಂದು ಸಲ ಕರೆದ.

ಕಾಗದ ಪರ್ರನೆ ಹರಿಯಿತು. ಅರ್ಧ ಅಕ್ಷರ ಒಂದು ಕದದ ಮೇಲೆ, ಅರ್ಧ ಇನ್ನೊಂದರ ಮೇಲೆ. ನಡುವೆ ಅಣ್ಣ ನಿಂತಿದ್ದ. "ಭಾರ ಕಣೋ, ಇತ್ತ ಕೊಡು" ಎಂದು ಗಡಿಗೆಯ ಅಡಿಗೆ ಎರಡೂ ಕೈ ಕೊಟ್ಟ. ತಮ್ಮನಿಗೆ ಮುಖ ಎತ್ತಲಾಗಲಿಲ್ಲ.

ಕತೆ ಮುಗಿಯಿತು. ಏನಾದರೂ ಕೇಳದಿದ್ದರೆ ತನ್ನ ತಪ್ಪು ಗುರುಗಳಿಗೆ ತಿಳಿದುಬಿಡುತ್ತದೆ ಅನ್ನಿಸಿ, ಲಿನ್ಶು ತಡವರಿಸುತ್ತಾ ಅಂದ: "ಗುರುಗಳೇ, ಹಾಗಾದರೆ ಆ ಕೈಗಳು..."

"ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದಿದ್ದವು ಲಿನ್ಶು, ಗಡಿಗೆ ಹಿಡಿದುಕೊಂಡೇ ಬೆಟ್ಟ ಇಳಿದು ಹೋದವು."