ಮುದ್ದನ ಮಣ್ಣಿನ ಪೀಪಿ

ಕೂತಿರಾ? ಸರಿಯಾಗಿ ಕೂತುಕೊಳ್ಳಿ. ನಗಬೇಕು ಅನ್ನಿಸಿದರೆ ನಗಿ, ನಾನು ಬೇಡ ಅನ್ನುವುದಿಲ್ಲ. ಆ ಊರಿನವರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದೂರಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಗಂಡ ಸತ್ತವಳು. ಅವಳಿಗೆ ಒಬ್ಬನೇ ಮಗ. ಅವಳು ಮುದ್ದ ಅಂತ ಕರೆದಳು, ಊರು ಪೆದ್ದ ಅಂತ ಕರೆಯಿತು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಮ್ಮಿಯಿಲ್ಲ. ಬಾಗಿಲು ನೋಡ್ಕೊ ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು, ಹಿತ್ತಲಿಂದ ನುಗ್ಗಿದ ನಾಯಿ ಮುದ್ದೆ ಎತ್ತಿಕೊಂಡು ಹೋಗುವುದು. ಇಷ್ಟು ಸಾಲದು ಅಂತ ಇನ್ನೊಂದು ಹಟ. ಅವ್ವ ಬಡಿಸಿದರೆ ಮಾತ್ರ ಉಣ್ಣುವನು. ಬೇರೆ ಯಾರು ತಟ್ಟೆ ಇಟ್ಟರೂ ಮುಖ ತಿರುಗಿಸಿ ಕೂರುವನು.

ಕೆಂಚವ್ವನ ಹೊಟ್ಟೆಯಲ್ಲಿ ಒಂದು ಗಡ್ಡೆ ಬೆಳೆಯುತ್ತಿತ್ತು. ಪಂಡಿತ ನಾಡಿ ಹಿಡಿದ, ಕೈ ಬಿಟ್ಟ, ಮದ್ದು ಕೊಡದೆ ಎದ್ದು ಹೋದ. ಅವಳಿಗೆ ಅರ್ಥವಾಯಿತು. ಸಾಯುವುದಕ್ಕೆ ಅವಳೇನೂ ಹೆದರಲಿಲ್ಲ. ನಾನು ಹೋದಮೇಲೆ ಇವನಿಗೆ ತುತ್ತು ಹಾಕೋರು ಯಾರು ಅನ್ನುವುದೊಂದೇ ಅವಳ ನಿದ್ದೆ ಕೆಡಿಸಿತು.

ಆ ಊರಲ್ಲಿ ಒಂದು ಕಟ್ಟುಪಾಡು. ಊರ ದನವನ್ನೆಲ್ಲ ಒಬ್ಬನೇ ಕಾಯಬೇಕು. ಕಾಯುವವನಿಗೆ ದನ ಇರುವ ಮನೆಯವರು ಸರದಿಯ ಮೇಲೆ ಊಟ ಹಾಕಬೇಕು. ಇವತ್ತು ಈ ಮನೆ, ನಾಳೆ ಆ ಮನೆ. ದನ ಇಲ್ಲದ ಮನೆಗೆ ಸರದಿ ಇಲ್ಲ. ಮುದ್ದನ ಅಪ್ಪ ಇರುವ ತನಕ ಆ ಕೆಲಸ ಅವನದೇ ಆಗಿತ್ತು. ಮಣ್ಣಿನ ಪೀಪಿ ಊದಿ ಬೆಳಿಗ್ಗೆ ದನ ಹೊರಡಿಸುವನು, ಸಂಜೆ ಊದಿ ಮನೆ ಸೇರಿಸುವನು. ಅವನು ಸತ್ತಾಗ ಆ ಪೀಪಿಯನ್ನು ಅವನ ಎದೆಯ ಮೇಲಿಟ್ಟೇ ಹೂತರು.

ಕೆಂಚವ್ವ ಊರ ಯಜಮಾನ ಸಿಂಗ್ರೇಗೌಡನ ಜಗಲಿಯ ಮುಂದೆ ಹೋಗಿ ನಿಂತಳು.

"ಗೌಡ್ರೇ, ಅಪ್ಪನ ಕೆಲಸ ಮಗನಿಗೆ ಕೊಡಿ."

"ಆ ಪೆದ್ದಂಗಾ?"

"ಪೆದ್ದನಾದ್ರೂ ಹೊಟ್ಟೆ ಇಲ್ವಾ ಗೌಡ್ರೇ?"

ಗೌಡ ಎಲೆಯಡಿಕೆ ಉಗಿದು ಬಂದ. "ಪೀಪಿ ಊದಿ ದನ ಕರೀಲಿ, ನೋಡಾನ. ಕರದ್ರೆ ಕೆಲ್ಸ ಅವನ್ದು. ಇಲ್ದಿದ್ರೆ ಪಕ್ಕದೂರಿನವನು ಬತ್ತೀನಿ ಅಂತವ್ನೆ."

ಪೀಪಿ ಎಲ್ಲಿಂದ ತರುವುದು? ಪೇಟೆಯ ಅಂಗಡಿಯಲ್ಲಿ ಹೊಳಪು ಕೊಟ್ಟ ಪಿಂಗಾಣಿ ಪೀಪಿ ಇತ್ತು, ಹೂ ಬಳ್ಳಿ ಬರೆದದ್ದು. ಅದು ಬಡವರ ಕೈಗೆ ಎಟುಕುವುದಲ್ಲ. ಊರಾಚೆ ಕುಂಬಾರ ಮಂಚಯ್ಯ ಕೆಂಪು ಮಣ್ಣಿನಲ್ಲಿ ಮಾಡುತ್ತಿದ್ದ. ಮಾವಿನಕಾಯಿ ಗಾತ್ರ, ಒಳಗೆ ಪೊಳ್ಳು, ಒಂದು ಕಡೆ ಊದುವ ಬಾಯಿ, ಹೊಟ್ಟೆಯ ಮೇಲೆ ಬೆರಳಿಡುವ ತೂತು. ನೋಡಲಿಕ್ಕೆ ಚೆಂದವಿಲ್ಲ, ಬೆಲೆಯೂ ಇಲ್ಲ.

"ಮುದ್ದ, ಮಂಚಯ್ಯನ ತಾವ್ಕೆ ಹೋಗಿ ಒಂದು ಪೀಪಿ ತಕೊಂಡು ಬಾ. ಮಣ್ಣಿನ ಸಾಮಾನು, ಬಿರುಕು ಇರ್ತದೆ. ತಟ್ಟಿ ನೋಡಿ ತಕೊ."

ಹೋದ. ಮಂಚಯ್ಯ ಮಣ್ಣು ಅಗೆಯಲು ಹೋಗಿದ್ದ. ಅಂಗಳದ ತುಂಬ ಪೀಪಿ. ಒಂದನ್ನೆತ್ತಿ ತಟ್ಟಿದ, ಟಣ್ ಅಂದಿತು. ಅವ್ವ ಹೇಳಿದ್ದು ಬಿರುಕು ನೋಡಲಿಕ್ಕೆ, ಬಿರುಕು ಕಾಣಲಿಲ್ಲ. ಕಲ್ಲು ತೆಗೆದುಕೊಂಡು ಇನ್ನಷ್ಟು ತಟ್ಟಿದ. ಆಗ ಕಂಡಿತು. ಅದನ್ನು ಬಿಟ್ಟು ಇನ್ನೊಂದನ್ನು ತಟ್ಟಿದ. ಅಂಗಳದಲ್ಲಿ ಒಂದೂ ಉಳಿಯದ ಹಾಗೆ ತಟ್ಟಿ ಬರಿಗೈಲಿ ಮನೆಗೆ ಬಂದ.

"ಎಲ್ಲಿ ಪೀಪಿ?"

"ಎಲ್ಲದ್ರಲ್ಲೂ ಬಿರುಕು ಕಣವ್ವ. ತಟ್ಟಿ ನೋಡ್ದೆ."

ಕೆಂಚವ್ವ ಹಣೆ ಚಚ್ಚಿಕೊಂಡಳು. ಒಡೆದದ್ದಕ್ಕೆ ಬದಲಾಗಿ ಮಂಚಯ್ಯನ ಮನೆಯಲ್ಲಿ ಮಣ್ಣು ತುಳಿದಳು. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ತುಳಿದಳು. ಮನೆಗೆ ಬಂದು ಬೈದಳು.

"ಮೂದೇವಿ, ಪೀಪೀನ ಯಾರಾದ್ರೂ ಕಲ್ಲಲ್ಲಿ ಕುಟ್ತಾರಾ? ಬಾಯಿಗಿಟ್ಟು ಊದಿ ನೋಡಿ ತಕೊಬೇಕು."

"ಹೂಂ ಕಣವ್ವ. ಬಾಯಿಗಿಟ್ಟು ಊದಿ ನೋಡಿ ತಕೊಬೇಕು."

ಮತ್ತೆ ಹೋದ. ಮಂಚಯ್ಯ ಆಗಷ್ಟೇ ಮಡಕೆ ಸುಡುವ ಆವಿಗೆಯ ಬಾಯಿ ತೆಗೆದು, ಬೂದಿಯೊಳಗಿಂದ ಹೊಸ ಪೀಪಿಗಳನ್ನು ಕೋಲಿನಲ್ಲಿ ಹೊರಗೆ ಎಳೆಯುತ್ತಿದ್ದ. ಮುದ್ದ ಪಂಚೆಯ ತುದಿಯಲ್ಲಿ ಒಂದನ್ನು ಹಿಡಿದೆತ್ತಿದ, ಬಾಯಿಗಿಟ್ಟ, ಊದಿದ. ಪೀಪಿ ಕೂಗಲಿಲ್ಲ, ಮುದ್ದ ಕೂಗಿದ. ತುಟಿ ಬೊಬ್ಬೆ ಎದ್ದು ಹೀರೇಕಾಯಿಯಾಯಿತು.

ಕೆಂಚವ್ವ ತುಟಿಗೆ ಬೆಣ್ಣೆ ಹಚ್ಚುತ್ತ ಬೈದಳು. "ಸುಡೋದನ್ನ ಬಾಯಿಗಿಡ್ತೀಯೇನ್ಲಾ? ಆರೋಗಂಟ ಕಾಯಬೇಕು. ಆರೈತಾ ಇಲ್ವಾ ಅಂತ ಮುಟ್ಟಿ ನೋಡ್ಬೇಕು."

ತುಟಿ ವಾಸಿಯಾದ ಮೇಲೆ ಮತ್ತೆ ಕಳಿಸಿದಳು. ಈ ಸಲ ಮಂಚಯ್ಯನೇ ಒಂದನ್ನು ಆರಿಸಿಕೊಟ್ಟ. ಸ್ವಲ್ಪ ಸೊಟ್ಟಗಿತ್ತು, ಯಾರೂ ಕೊಳ್ಳದೆ ಉಳಿದದ್ದು, ದನಿ ಮಾತ್ರ ಒಳ್ಳೆಯದು. ದಾರ ಪೋಣಿಸಿ ಕೊರಳಿಗೂ ಹಾಕಿದ. ಮುದ್ದ ಪೀಪಿ ಮುಟ್ಟಿ ನೋಡಿದ. ಬಿಸಿಲಲ್ಲಿದ್ದದ್ದು, ಬೆಚ್ಚಗಿತ್ತು. ಅಲ್ಲೇ ಬಿಸಿಲಲ್ಲಿ ಕೂತ, ಆರಲಿ ಅಂತ. ಮುಟ್ಟಿ ನೋಡುವನು, ಇನ್ನೂ ಬೆಚ್ಚಗಿರುವುದು. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದ. ಮುಖ ಕಪ್ಪಿಟ್ಟಿತ್ತು, ಪೀಪಿ ಮಾತ್ರ ತಣ್ಣಗಿತ್ತು. ಕೆಂಚವ್ವ ಅದನ್ನು ತಿರುಗಿಸಿ ನೋಡಿದಳು. ಒಡೆದಿಲ್ಲ ಅಂತ ತಿಳಿದಾಗ ಅವಳ ಬೈಗುಳವೂ ಮೆತ್ತಗಾಯಿತು.

ಈಗ ಊದುವುದು ಕಲಿಯಬೇಕು. ಮಂಚಯ್ಯ ಹೇಳಿಕೊಟ್ಟ. "ತೂತೆಲ್ಲ ಮುಚ್ಚಬೇಕು. ವಸಿನೂ ಗಾಳಿ ಸೋರಬಾರದು. ಆಗ ದನ ಕರೆಯೋ ದಪ್ಪ ದನಿ ಬರ್ತದೆ."

ಮುದ್ದ ಕೆರೆಯ ಜೇಡಿಮಣ್ಣು ತಂದು ತೂತೆಲ್ಲ ಮುಚ್ಚಿದ. ದನಿ ಹೊರಡುವ ಸೀಳನ್ನೂ ಬಿಡಲಿಲ್ಲ. ನೀರಲ್ಲಿ ಕೈ ಅದ್ದಿ ನುಣ್ಣಗೆ ಸವರಿದ. ಊದಿದ, ಊದಿದ, ಕಣ್ಣು ಹೊರಗೆ ಬರುವ ಹಾಗೆ ಊದಿದ.

"ಬತ್ತಾ ಇಲ್ಲ ಕಣವ್ವ. ವಸಿನೂ ಸೋರ್ತಾ ಇಲ್ಲ, ಆದ್ರೂ ಬತ್ತಾ ಇಲ್ಲ."

ಕೆಂಚವ್ವ ಪೊರಕೆ ಕಡ್ಡಿಯಿಂದ ಮಣ್ಣು ಕೆದಕಿ ಕೆದಕಿ ತೆಗೆದಳು. "ನನ್ನ ಹೊಟ್ಟೆಲಿ ಯಾಕಾದ್ರೂ ಹುಟ್ಟಿದೆಯೋ. ಮಣ್ಣಲ್ಲಲ್ಲ, ಬೆರಳಲ್ಲಿ ಮುಚ್ಚಬೇಕು. ಬೆರಳು ಇಟ್ಟರೆ ತೆಗೀಬಾರ್ದು, ತಿಳೀತಾ?"

ತಿಳಿಯಿತು. ಬೆರಳಿಟ್ಟ. ತೆಗೆಯಲಿಲ್ಲ. ಪೀಪಿ ಹಿಡಿದುಕೊಂಡೇ ಹೊಲಕ್ಕೆ ಹೋದ, ಪೀಪಿ ಹಿಡಿದುಕೊಂಡೇ ಬಂದ, ಬಾಗಿಲನ್ನು ತಲೆಯಲ್ಲಿ ದೂಡಿದ. ಊಟಕ್ಕೆ ಕೂತ, ಕೈ ಬಿಡಲಿಲ್ಲ. ಕೊನೆಗೆ ಕೆಂಚವ್ವನೇ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಳು. ಬೇಲಿಯಾಚೆ ನಿಂತ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕೆಂಚವ್ವನೂ ನಕ್ಕಳು. ನಕ್ಕವಳಿಗೆ ತಕ್ಷಣ ಎದೆ ಒಡೆದ ಹಾಗಾಯಿತು. ನಾನಿಲ್ಲದಾಗ ಇವನು ಹೀಗೆ ಬಾಯಿ ತೆರೆದು ಯಾರ ಮುಂದೆ ಕೂರುತ್ತಾನೆ?

"ಊಟಕ್ಕೆ ಅಂತ ಕೂಗಿದ್ರೆ ಕೈಲಿರೋದು ಬಿಟ್ಟು ಓಡಿ ಬರಬೇಕು ಕಣ್ಲಾ. ಏನೇ ಇರ್ಲಿ, ಬಿಟ್ಟು ಬರಬೇಕು."

"ಹೂಂ ಕಣವ್ವ. ಬಿಟ್ಟು ಬರಬೇಕು."

ಇನ್ನು ಒಂದು ಮಾತು ನ್ಯಾಯವಾಗಿ ಹೇಳಬೇಕು. ಊದುವುದು ಕಲಿಯುವುದರಲ್ಲಿ ಅವನು ಪೆದ್ದನಾಗಲಿಲ್ಲ. ಮೆಲ್ಲಗೆ ಊದು ಅಂದಳು, ಮೆಲ್ಲಗೆ ಊದಿದ. ಈ ಬೆರಳು ಎತ್ತು, ಮತ್ತೆ ಇಡು ಅಂದಳು, ಎತ್ತಿದ, ಇಟ್ಟ. ಗಂಡ ಊದುತ್ತಿದ್ದ ರಾಗವನ್ನು ಅವಳು ಬಾಯಲ್ಲಿ ಗುನುಗಿದಳು, ಅವನು ಹಾಗೇ ಊದಿದ. ಬುದ್ಧಿವಂತನಾಗಿದ್ದರೆ ನಾಲ್ಕು ಸಲ ಊದಿ ಬೇಸರವಾಗಿ ತನ್ನದೊಂದು ಕೊಂಕು ಸೇರಿಸುತ್ತಿದ್ದ. ಇವನು ಸೇರಿಸಲಿಲ್ಲ. ಒಂದು ಸಂಜೆ ಅವಳು ಒಲೆಯ ಮುಂದಿದ್ದಾಗ ಹೊರಗೆ ಗಂಡನೇ ಬಂದು ಊದಿದ ಹಾಗಾಯಿತು, ಅವಳು ಸೆರಗು ಮುಖಕ್ಕೆ ಹಿಡಿದು ಅತ್ತುಬಿಟ್ಟಳು.

ಪರೀಕ್ಷೆಯ ದಿನ ಬಂತು. ಮೊದಲ ಸರದಿ ಯಜಮಾನನ ಮನೆಯದೇ. ಮುದ್ದ ಊರಬಾಗಿಲಲ್ಲಿ ನಿಂತು ಊದಿದ. ಕೆರೆಯಾಚೆ ಮೇಯುತ್ತಿದ್ದ ದನ ಕಿವಿ ನಿಗುರಿಸಿದವು. ಒಂದು ಬಂತು, ಎರಡು ಬಂದವು, ಮಂದೆಯೇ ಹೊರಟಿತು. ಊರು ಮೂಗಿನ ಮೇಲೆ ಬೆರಳಿಟ್ಟಿತು. ಅಷ್ಟರಲ್ಲಿ ಯಜಮಾನನ ಹೆಂಡತಿ ಚಿಕ್ಕತಾಯಮ್ಮ ಖುಷಿಯಾಗಿ ಜಗಲಿಯಿಂದ ಕೂಗಿದಳು.

"ಬಾರಪ್ಪ ಮುದ್ದ, ಊಟಕ್ಕೆ."

ಬಿಟ್ಟ. ಪೀಪಿ ಬಿಟ್ಟ, ದನ ಬಿಟ್ಟ, ಓಡಿದ. ಚಿಕ್ಕತಾಯಮ್ಮ ಹಾಸಿದ ಎಲೆ ದಾಟಿಕೊಂಡು ಓಡಿ ತನ್ನ ಮನೆಗೆ ಬಂದು ಅವ್ವನ ಮುಂದೆ ಕಾಲು ಮಡಚಿ ಕೂತ. "ಊಟಕ್ಕೆ ಅಂದ್ರಲ್ಲ. ಹಾಕವ್ವ."

ದಾರಿಯಲ್ಲಿ ಕರೆ ನಿಂತುಹೋದರೆ ದನ ಏನು ಮಾಡಬೇಕು? ಯಜಮಾನನ ರಾಗಿ ಹೊಲಕ್ಕೆ ನುಗ್ಗಿದವು. ಗೌಡ ಮನೆ ಬಾಗಿಲಿಗೇ ಬಂದು ಬಾಯಿಗೆ ಬಂದ ಹಾಗೆ ಬೈದ. ಕೆಂಚವ್ವ ಅವನ ಕಾಲಿಗೆ ಬಿದ್ದಳು. ಏಳಲಿಕ್ಕೆ ಆಗಲಿಲ್ಲ, ಪಕ್ಕದ ಮನೆಯವಳು ಎತ್ತಿ ಕೂರಿಸಿದಳು. ಅದನ್ನು ನೋಡಿ ಗೌಡ ದನಿ ತಗ್ಗಿಸಿದ.

"ನಾಳೆ ಒಂದು ದಿನ ನೋಡ್ತೀನಿ. ಅಷ್ಟೇ."

ಅವಳು ಮಗನನ್ನು ಎದುರಿಗೆ ಕೂರಿಸಿಕೊಂಡಳು. ಬೈಯಲು ಉಸಿರಿರಲಿಲ್ಲ, ಆದರೂ ಬೈದಳು. ಆಮೇಲೆ ಅವನ ಗಲ್ಲ ಹಿಡಿದು ಹೇಳಿದಳು.

"ಕೇಳಿಲ್ಲಿ. ಕೊನೇ ದನ ಮನೆ ಸೇರೋಗಂಟ ಊದು. ಆಮೇಲೆ ಯಾರ ಮನೆ ಸರದಿಯೋ ಆ ಮನೆಗೆ ಹೋಗು. ಯಾರ ಸರದಿಯೋ ಅವಳೇ ಅವತ್ತು ನಿನ್ನವ್ವ. ಅವಳು ಹಾಕಿದ್ದು ಉಣ್ಣು, ಅವಳ ಜಗಲೀಲಿ ಮಲಗು. ನಾನಲ್ಲ. ತಿಳೀತಾ? ನಾನಲ್ಲ."

"ಯಾರ ಸರದಿಯೋ ಅವಳೇ ಅವ್ವ. ನೀನಲ್ಲ."

"ಇನ್ನೊಂದು ಸಲ ಹೇಳು."

"ನೀನಲ್ಲ."

ಅವಳು ಮತ್ತೆ ಮತ್ತೆ ಹೇಳಿಸಿದಳು. ಬಾಯಿಪಾಠ ಆಗುವ ತನಕ ಬಿಡಲಿಲ್ಲ.

ಮಾರನೆಯ ದಿನ ಮುದ್ದ ಊದಿದ. ದನ ಬಂದವು, ಒಂದೊಂದೂ ತನ್ನ ತನ್ನ ಕೊಟ್ಟಿಗೆ ಸೇರಿತು. ಹಿಂದಿನ ದಿನ ಉಣ್ಣದೆ ಓಡಿದ್ದರಿಂದ ಸರದಿ ಇನ್ನೂ ಚಿಕ್ಕತಾಯಮ್ಮನದೇ. ಅವಳ ಜಗಲಿಯಲ್ಲಿ ಕೂತು, "ಹಾಕವ್ವ" ಅಂದ. ಹಾಕಿದ್ದನ್ನೆಲ್ಲ ಉಂಡ. ಗೌಡ ಮೀಸೆಯಡಿಯಲ್ಲೇ ನಕ್ಕು ಕೆಲಸ ನಿನ್ನದೇ ಹೋಗು ಅಂದ. ಸುದ್ದಿ ಕೇಳಿ ಕೆಂಚವ್ವ ದೇವರ ಮುಂದೆ ದೀಪ ಹಚ್ಚಿದಳು. ಈಗ ಸಾಯಬಹುದು ಅಂದುಕೊಂಡಳು.

ಸಾವು ಅಷ್ಟು ಬೇಗ ಬರಲಿಲ್ಲ. ಅವಳು ಹಾಸಿಗೆ ಹಿಡಿದಳು. ಪಕ್ಕದ ಮನೆಯವಳು ಗಂಜಿ ತಂದು ಕೊಡುವಳು. ಸಂಜೆಯಾದರೆ ಬೀದಿಯಲ್ಲಿ ಪೀಪಿ ಕೇಳುವುದು, ದನದ ಗೊರಸಿನ ಸದ್ದು ಕೇಳುವುದು, ಪೀಪಿ ಅವಳ ಬಾಗಿಲ ಮುಂದೆ ಬರುವುದು, ನಿಲ್ಲದೆ ಮುಂದೆ ಹೋಗುವುದು. ಮೊದಮೊದಲು ಅವಳು, ಇವತ್ತು ಕೆಲಸ ಹೆಚ್ಚಿರಬೇಕು ಅಂದುಕೊಂಡಳು. ನಾಳೆ ಬರುತ್ತಾನೆ ಅಂದುಕೊಂಡಳು. ಅವನು ಬರಲಿಲ್ಲ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. ತೆವಳಿಕೊಂಡು ಹೊಸಿಲ ತನಕ ಬಂದಳು. ಬಾಗಿಲ ಚೌಕಟ್ಟು ಹಿಡಿದು ಕರೆದಳು.

"ಮುದ್ದ, ಒಳಗೆ ಬಾ ಮಗ. ವಸಿ ಹೊತ್ತು ಕೂತು ಹೋಗು."

ಮುದ್ದ ಕೊನೆಯ ದನ ಕೊಟ್ಟಿಗೆ ಸೇರುವ ತನಕ ಊದಿದ. ಆಮೇಲೆ ಪೀಪಿ ಬಾಯಿಂದ ತೆಗೆದು ಅವಳ ಬಳಿ ಬಂದ. ಕೆನ್ನೆ ತುಂಬಿಕೊಂಡಿತ್ತು, ಅಂಗಿ ಯಾರೋ ಒಗೆದು ಕೊಟ್ಟದ್ದು. ಹೊಸಿಲಾಚೆಯೇ ನಿಂತ.

"ಇವತ್ತು ಕೊನೆಮನೆ ದೇವೀರಮ್ಮನ ಸರದಿ. ಅವಳೇ ಅವ್ವ."

"ನಾಳೆ ಬತ್ತೀಯಾ?"

"ನಾಳೆ ಇನ್ನೊಂದು ಮನೆ. ನಿಂಗೆ ಸರದೀನೇ ಇಲ್ಲ. ನಿಂಗೆ ದನ ಇಲ್ವಲ್ಲ."

ಕೆಂಚವ್ವನ ಬಾಯಿಗೆ ಬೈಗುಳ ಬಂತು. ಅದರ ಹಿಂದೆಯೇ ಹೊಸ ಬುದ್ಧಿಮಾತೂ ಬಂತು: ಹಾಗಲ್ಲ ಮಗ, ನಾನೂ ಅವ್ವನೇ, ಉಂಡ ಮೇಲೆ ಇಲ್ಲಿಗೆ ಬಾ. ಹೇಳಿಬಿಟ್ಟರೆ ಹೇಳಿದ ಹಾಗೇ ಮಾಡುತ್ತಾನೆ. ನಾಳೆ ಯಾರ ಜಗಲಿಯಲ್ಲೂ ಮಲಗುವುದಿಲ್ಲ, ಇಲ್ಲಿಗೆ ಬರುತ್ತಾನೆ. ಅವಳು ಸತ್ತ ಮೇಲೂ ಬರುತ್ತಾನೆ, ಬರಿಯ ಮನೆಯಲ್ಲಿ ಕಾಲು ಮಡಚಿ ಕೂತು ಹಾಕವ್ವ ಅನ್ನುತ್ತಾನೆ. ಅವಳು ತುಟಿ ಕಚ್ಚಿ ಹಿಡಿದಳು. ಅವನು ಹುಟ್ಟಿದಾಗಿನಿಂದ ಅವಳು ಬೈಯದೆ ಬಿಟ್ಟ ತಪ್ಪು ಅದೊಂದೇ.

ಅವಳ ಕಣ್ಣಲ್ಲಿ ನೀರು ನೋಡಿ ಮುದ್ದನಿಗೆ ಪಾಪ ಅನ್ನಿಸಿತು. ಬಗ್ಗಿ, ಗುಟ್ಟು ಹೇಳುವ ಹಾಗೆ ಹೇಳಿದ.

"ಅಳಬೇಡಮ್ಮ. ನೀನೂ ಒಂದು ಹಸ ತಕೊ. ಆಗ ನೀನೂ ನಂಗೆ ಅವ್ವ ಆಗ್ಬೋದು."

"ಆಗ್ಲಿ ಕಣಪ್ಪ, ತಕೊತೀನಿ. ಹೊತ್ತಾಯ್ತು, ನಿನ್ನವ್ವ ಕಾಯ್ತಾ ಇರ್ತಾಳೆ, ಹೋಗು" ಅಂದಳು ಕೆಂಚವ್ವ.

ಹೇಳಿದ ಹಾಗೇ ಹೋದ.