ಅಲ್ಲಾಡಬಾರದು ಅಂದಿದ್ದಳು ಅವ್ವ

ನಗೋರು ಮೊದಲೇ ನಕ್ಕುಬಿಡ್ರಪ್ಪ. ಆಮೇಲೆ ನಗು ಬರ್ತದೋ ಇಲ್ವೋ, ನಾ ಹೇಳಲಾರೆ.

ಬುಟ್ಟಿ ಹೆಣೆಯೋ ನಿಂಗಾಜಮ್ಮಂಗೆ ಒಬ್ಬನೇ ಮಗ, ಮೊಗಣ್ಣ. ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ. "ನಾ ಸತ್ರೆ ಇವನ ಗತಿಯೇನಪ್ಪಾ!" ಅಂತ ದಿನಾ ಹಣೆ ಚಚ್ಕೊಳ್ಳೋಳು.

ಒಂದಿನ ಒಣಗಿದ ಬಿದಿರು ದಬ್ಬೆ ಕೊಟ್ಟು, "ಬಗ್ಸೋ" ಅಂದ್ಳು. ಬಗ್ಸಿದ. ಲಟಕ್! ಇನ್ನೊಂದು ಬಗ್ಸಿದ. ಲಟಕ್! ಇದ್ದಬದ್ದ ದಬ್ಬೆಯೆಲ್ಲ ಲಟಕ್!

"ಅಯ್ಯೋ ಪೆದ್ದುಮುಂಡೇದೇ! ಬಿಗಿಯಾಗಿರೋದನ್ನ ನೀರಲ್ಲಿ ನೆನೆಹಾಕಬೇಕು ಕಣೋ, ತಾನೇ ಮೆತ್ತಗಾಗ್ತದೆ!"

"ಆಗ್ಲಿ ಕಣವ್ವ."

ಪಕ್ಕದ ಮನೆ ಚೌಡಯ್ಯನ ಜಗಲಿ ಮೇಲೆ ತಮಟೆ ಇತ್ತು. ಮೊಗಣ್ಣ ಮುಟ್ಟಿ ನೋಡಿದ. ಎಷ್ಟು ಬಿಗಿ! ಎತ್ಕೊಂಡೋಗಿ ಕೆರೇಲಿ ಮುಳುಗಿಸಿಟ್ಟ. ಚರ್ಮ ಒದ್ದೆ ಬಟ್ಟೆ ಆಯ್ತು. ಚೌಡಯ್ಯ ಬೆನ್ನು ಮುರಿಯೋ ಹಾಗೆ ಬಾರಿಸಿದ.

"ಥೂ ನಿನ್ನ!" ಅಂದ್ಳು ಅವ್ವ. "ಎಲ್ಲ ಬಿಗಿಯೂ ಒಂದೇನೋ? ತಮಟೆ ಬಿಗಿಯಾಗೇ ಇರಬೇಕು. ಸಡಿಲ ಆದ್ರೆ ಬೆಂಕಿಗೆ ಹಿಡೀಬೇಕು!"

"ಆಗ್ಲಿ ಕಣವ್ವ."

ಚೌಡಯ್ಯನ ಮೇಕೆ ಗುಂಡಿಗೆ ಬಿದ್ದು ಕಾಲು ಮುರ್ಕೊಂಡ್ತು. ಕಾಲು ಸಡಿಲವಾಗಿ ಜೋತಾಡ್ತಿತ್ತು. ಮೊಗಣ್ಣ ಬೆಂಕಿ ಹಚ್ಚಿ ಆ ಕಾಲನ್ನ ಅದಕ್ಕೆ ಹಿಡಿದೇಬಿಟ್ಟ. ಪಾಪ, ಅದರ ಕೂಗು ಊರೆಲ್ಲ ಕೇಳಿಸ್ತು. ಮೇಕೆ ಉಳೀಲಿಲ್ಲ.

ನಿಂಗಾಜಮ್ಮ ಅತ್ತೇಬಿಟ್ಳು. "ಜೀವ ಇರೋದು ಕಣೋ ಅದು! ದಬ್ಬೆ ಇಟ್ಟು ಕಟ್ಟಬೇಕು. ಕಟ್ಟಿದ ಮೇಲೆ ಯಾರು ಏನೇ ಅನ್ಲಿ, ಅಲ್ಲಾಡೋಕೆ ಬಿಡಬಾರದು. ಅಲ್ಲಾಡದೆ ಇದ್ರೆ ವಾಸಿ ಆಗ್ತದೆ. ತಲೆಗೆ ಹೋಯ್ತಾ?"

"ಹೋಯ್ತು ಕಣವ್ವ!"

ಹೋಗಿತ್ತು. ಕೇಡು ಬಂದದ್ದೇ ಅದರಿಂದ.

ಬಿದಿರು ಸೀಳೋವಾಗ ನಿಂಗಾಜಮ್ಮನ ಅಂಗಾಲಿಗೆ ಸಿಬಿರು ಹೊಕ್ತು. ಕಿತ್ತು ಬಿಸಾಕಿ ಕೆಲಸ ಮಾಡಿದ್ಳು. ವಾರ ಕಳೀತು. ದವಡೆ ಕಚ್ಕೊಂಡ್ತು, ಕತ್ತು ಸೆಟೆದುಕೊಂಡ್ತು, ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿ ಅದುರೋಕೆ ಹತ್ತಿತು. ಧನುರ್ವಾಯು!

ಮೊಗಣ್ಣ ಗಾಬರಿಯಾದ. ಅವ್ವ ಅಂದ್ರೆ ಪ್ರಾಣ ಅವನಿಗೆ. ಕೈಗೊಂದು ದಬ್ಬೆ, ಕಾಲಿಗೊಂದು ದಬ್ಬೆ, ಬೆನ್ನಿಗೊಂದು ದಬ್ಬೆ. ಹಗ್ಗ ಸುತ್ತಿ ಬಿಗಿದ. ಬೈಯೋಕೆ ಅವಳಿಗೆ ಬಾಯಿ ಬರಬೇಕಲ್ಲ! ಕಣ್ಣಲ್ಲೇ ಬೈದ್ಳು. ಕಣ್ಣಲ್ಲಿ ಬೈದದ್ದು ಆ ಪೆದ್ದನಿಗೆ ಎಲ್ಲಿ ತಿಳೀಬೇಕು!

ಚೌಡಯ್ಯ ಹಳೇ ಸಿಟ್ಟೆಲ್ಲ ಮರೆತು ಗಾಡಿ ಕಟ್ಕೊಂಡು ಬಂದ. "ಬಾಗಿಲು ಬಿಡೋ! ಆಸ್ಪತ್ರೆಗೆ ಹಾಕ್ಕೊಂಡೋಗ್ತೀನಿ!"

ಮೊಗಣ್ಣ ಮಚ್ಚು ಹಿಡಿದು ಹೊಸ್ತಿಲಲ್ಲಿ ನಿಂತ. "ಅಲ್ಲಾಡಿಸಿದ್ರೆ ಕಡೀತೀನಿ!"

"ಸಾಯ್ತಾಳೆ ಕಣೋ!"

"ಯಾರು ಏನೇ ಅನ್ಲಿ ಅಂತ ಅವ್ವನೇ ಹೇಳವ್ಳೆ!"

ಚೌಡಯ್ಯ ಓಡಿಹೋಗಿ ಜನ ಕರ್ಕೊಂಡು ಬರೋ ಹೊತ್ತಿಗೆ ಬಿಸಿಲು ಇಳಿದಿತ್ತು. ಈ ಸಲ ಮೊಗಣ್ಣ ತಾನೇ ಬಾಗಿಲು ಬಿಟ್ಟ. ಮಚ್ಚು ಕೆಳಗಿಟ್ಟಿದ್ದ, ಮುಖ ಅರಳಿತ್ತು. ಚೌಡಯ್ಯ ಒಳಗೆ ನೋಡಿದವನೇ ಟವೆಲ್ಲು ಬಾಯಿಗೆ ಒತ್ಕೊಂಡು ಕುಸಿದು ಕೂತ.

"ಯಾಕಣ್ಣ ಅಳ್ತೀಯೆ? ನೋಡು, ಒಂಚೂರೂ ಅಲ್ಲಾಡ್ತಿಲ್ಲ. ಅವ್ವಂಗೆ ವಾಸಿ ಆಯ್ತು!"